ಪಿಎಚ್‌ಪಿಯಲ್ಲಿ ದೊಡ್ಡ ಫೈಲ್ ಓದ್ಲಿಕ್ಕೆ ಒಂದೊಂದೇ ಸಾಲು ಸಾಕು

ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ಅಂಗಡಿಯೊಂದರ ವರ್ಷಗಟ್ಟಲೆ ಲೆಕ್ಕ ಒಂದೇ ಟೆಕ್ಸ್ಟ್ ಫೈಲಲ್ಲಿ ಉಂಟು, ಸೈಜ್ 500 ಎಂಬಿ ಅಂತ ಇಟ್ಕೊಳ್ಳಿ. ಅದನ್ನು ವೆಬ್‌ಸೈಟ್ ಮಾಡುವ ಭಾಷೆ ಪಿಎಚ್‌ಪಿಯಲ್ಲಿ ಓದ್ಲಿಕ್ಕೆ ಹೊರಟವರು ಮೊದಲು ಕೈ ಹಾಕುದು ಫೈಲ್_ಗೆಟ್_ಕಂಟೆಂಟ್ಸ್‌ಗೆ, ಇಲ್ಲದಿದ್ರೆ ಫೈಲ್ ಅನ್ನುವ ಫಂಕ್ಷನ್‌ಗೆ. ಎರಡೂ ಇಡೀ ಫೈಲನ್ನು ಒಮ್ಮೆಲೇ ಮೆಮೊರಿಗೆ ಎಳೀತವೆ, ಎರಡನೇದಂತೂ ಸಾಲುಗಳನ್ನೆಲ್ಲ ಅರೇ (ಪಟ್ಟಿ) ಮಾಡುದ್ರಿಂದ ಇನ್ನೂ ಜಾಸ್ತಿ ಜಾಗ ತಿಂತದೆ. ಮೆಮೊರಿಗೆ ಡೀಫಾಲ್ಟ್ ಲಿಮಿಟ್ ಇರುದೇ 128 ಎಂಬಿ, ಅಲ್ಲಿಗೆ 134217728 ಬೈಟ್ ಮುಗೀತು ಅಂತ ಎರರ್ ಬಂದು ಸ್ಕ್ರಿಪ್ಟ್ ಮಲಗ್ತದೆ. ಲಿಮಿಟ್ ಏರಿಸಬಹುದು, ಆದ್ರೆ ಫೈಲ್ ನಾಳೆಯೂ ಬೆಳೀತದಲ್ಲ ಮಾರಾಯ್ರೆ! ಅಡಿಕೆ ಸುಲಿಯುವವರು ಗೋಣಿಯನ್ನೇ ಮಡಿಲಿಗೆ ಸುರ್ಕೊಳ್ತಾರಾ?

ಒಂದೊಂದೇ ಸಾಲು ಓದ್ಲಿಕ್ಕೆ ಮೊದಲು ಎಫ್‌ಓಪನ್‌ನಿಂದ ಫೈಲ್ ತೆರೀರಿ, ಮೋಡ್ ಆರ್, ಅಂದ್ರೆ ಓದ್ಲಿಕ್ಕೆ ಮಾತ್ರ. ಫೈಲ್ ಸಿಗದಿದ್ರೆ ಫಾಲ್ಸ್ ಬರ್ತದೆ, ಅದನ್ನು ಅಲ್ಲೇ ಚೆಕ್ ಮಾಡಿ. ಮತ್ತೆ ವೈಲ್ ಲೂಪ್ ಒಳಗೆ ಎಫ್‌ಗೆಟ್ಸ್, ಸಲಕ್ಕೊಂದು ಸಾಲು ಕೊಡ್ತದೆ, ಫೈಲ್ ಮುಗಿದ್ರೆ ಫಾಲ್ಸ್. ಇಲ್ಲಿ ಸ್ವಲ್ಪ ಜಾಗ್ರತೆ, ಕಂಡೀಷನ್‌ನಲ್ಲಿ !== ಹಾಕಿ ಫಾಲ್ಸ್ ಹೌದಾ ಅಲ್ವಾ ಅಂತ ಸರಿಯಾಗಿ ನೋಡ್ಬೇಕು. ಇಲ್ಲದಿದ್ರೆ ಕೊನೇ ಸಾಲಲ್ಲಿ ಬರೇ 0 ಇದ್ದು ಅದರ ನಂತರ ಎಂಟರ್ ಹೊಡೀದೆ ಬಿಟ್ಟಿದ್ರೆ ಪಿಎಚ್‌ಪಿ ಅದನ್ನೂ ಫಾಲ್ಸ್ ಅಂತಲೇ ತಿಳ್ಕೊಂಡು ಲೂಪ್ ನಿಲ್ಲಿಸ್ತದೆ, ಸ್ಟಾಕ್ ಸೊನ್ನೆ ಅಂತ ಬರೆದ ಸಾಲು ಲೆಕ್ಕಕ್ಕೇ ಬರುದಿಲ್ಲ. ಸಾಲಿನ ಬಾಲಕ್ಕೆ ಅಂಟಿದ ನ್ಯೂಲೈನನ್ನು ಆರ್‌ಟ್ರಿಮ್‌ನಲ್ಲಿ ತೆಗೀರಿ.

ನಮ್ಮ ಕಾಸರಗೋಡಿನ ಫೈಲ್ ಅಂದ್ರೆ ಹೆಸರು ಕನ್ನಡದಲ್ಲಿ, ವಿಳಾಸ ಮಲಯಾಳದಲ್ಲಿ ಇದ್ರೂ ಇರ್ತದೆ. ಅಕ್ಷರಗಳನ್ನು ಬೈಟ್ ಮಾಡಿ ಇಡುವ ಯುಟಿಎಫ್-8ರಲ್ಲಿ ಎರಡು ಲಿಪಿಯ ಅಕ್ಷರಕ್ಕೂ 3 ಬೈಟ್ ಬೇಕು, 'ಡಿ' ಅಂದ್ರೆ ಗುಣಿತದ ಚಿಹ್ನೆಯೂ ಸೇರಿ 6. ಎಫ್‌ರೀಡ್‌ನಲ್ಲಿ 8192 ಬೈಟಿನಂತೆ ತುಂಡು ಮಾಡಿದ್ರೆ ಅಕ್ಷರ ನಡುವಲ್ಲೇ ಕಡಿದು ಪ್ರಶ್ನಾರ್ಥಕ ಚಿಹ್ನೆ ಕಾಣುವ ಚಾನ್ಸ್ ಉಂಟು. ಎಫ್‌ಗೆಟ್ಸ್‌ಗೆ ಉದ್ದ ಹೇಳದೆ ಬಿಟ್ರೆ ಅದು ನ್ಯೂಲೈನ್ ಸಿಕ್ಕುವವರೆಗೆ ಓದ್ತದೆ, ಹಾಗಾಗಿ ಆ ತಲೆಬಿಸಿ ಇಲ್ಲ. ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಇರುವ ಫೈಲ್) ಆದ್ರೆ ಎಫ್‌ಗೆಟ್‌ಸಿಎಸ್‌ವಿ ಬಳಸಿ, ಕೋಟ್ ಒಳಗಿನ ವಿಳಾಸದಲ್ಲಿ ಎಂಟರ್ ಇದ್ರೂ ಅದು ಸಂಭಾಳಿಸ್ತದೆ.

ಇಷ್ಟೆಲ್ಲ ಮಾಡಿ ಲೂಪ್ ಒಳಗೆ ಓದಿದ ಸಾಲುಗಳನ್ನೆಲ್ಲ ಒಂದು ಅರೇಗೆ ತುಂಬಿಸಿದ್ರೆ ಎಂತ ಪ್ರಯೋಜನ? ಬೇಕಾದ ಮೊತ್ತ ಮಾತ್ರ ಇಟ್ಕೊಂಡು ಸಾಲು ಬಿಟ್ಟುಬಿಡಿ. ಒಂದೇ ಲೂಪ್ ನಾಲ್ಕು ಕಡೆ ಬೇಕಾದ್ರೆ 2013ರ ಪಿಎಚ್‌ಪಿ 5.5ರಲ್ಲಿ ಬಂದ ಯೀಲ್ಡ್ ಹಾಕಿ ಜನರೇಟರ್ (ಕೇಳಿದಾಗ ಒಂದೊಂದೇ ಸಾಲು ಕೊಡುವ ಫಂಕ್ಷನ್) ಮಾಡಿ, ನಂಗೆ ಅದೇ ಇಷ್ಟ. ಮುಗಿದ ಮೇಲೆ ಎಫ್‌ಕ್ಲೋಸ್.

ಮತ್ತೆ, ಬ್ರೌಸರಲ್ಲಿ ಓಡಿಸುವಾಗ ಡೀಫಾಲ್ಟ್ 30 ಸೆಕೆಂಡಿನ ಗಡುವು ಉಂಟು. ಕಮಾಂಡ್ ಲೈನಲ್ಲಿ ಅದಿಲ್ಲ, ದೊಡ್ಡ ಫೈಲಿನ ಕೆಲಸವನ್ನು ರಾತ್ರಿಯ ಕ್ರಾನ್‌ಗೆ (ಹೇಳಿದ ಹೊತ್ತಿಗೆ ತಾನೇ ಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಹಾಕಿ.