ಕಸ ಬೇರೆ ಮಾಡಲು ಪಕ್ಕದ ಮನೆಯವರನ್ನು ಒಪ್ಪಿಸುವುದು ಹೇಗೆ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಒಂದೇ ನಾಟಕ ನೋಡಿ ಸಾಕಾಗಿದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಒಬ್ಬರು ಎದ್ದು ಭಾಷಣ ಮಾಡುತ್ತಾರೆ. ಊರಿನ ಕಸವನ್ನೆಲ್ಲ ಸುರಿಯುತ್ತಿದ್ದ ಮಂಡೂರಿನ ಕಸದ ಗುಡ್ಡದ ಫೋಟೊ ತೋರಿಸುತ್ತಾರೆ. ಹೈಕೋರ್ಟ್ 2015ರಲ್ಲೇ ಎರಡು ಬಿನ್ (ಹಸಿ ಕಸಕ್ಕೊಂದು, ಡೈಪರ್‌ನಂಥದ್ದಕ್ಕೊಂದು), ಒಣ ಕಸಕ್ಕೆ ಒಂದು ಬ್ಯಾಗ್ ಅಂದಿದೆ ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಮರುದಿನ ಅದೇ ಕಪ್ಪು ಕವರ್, ಅದರಲ್ಲಿ ಅನ್ನ, ಡೈಪರ್, ಬಾಟಲಿ ಎಲ್ಲ ಒಟ್ಟಿಗೆ.

ಮಾಹಿತಿ ಸುರಿದರೆ ಯಾರೂ ಒಪ್ಪುವುದಿಲ್ಲ. ದಂಡದ ಭಯಕ್ಕೆ ಕೇಳುವವರು ಕಾವಲಿರುವ ತನಕ ಕೇಳುತ್ತಾರೆ, ಅಷ್ಟೇ. ಎದುರಿನವರು ತಾವೇ ಯೋಚಿಸಿ 'ಸರಿ, ಮಾಡೋಣ' ಅನ್ನಬೇಕು.

ಮೊದಲು ಸಭೆ ಬಿಟ್ಟು ಮನೆಗೆ ಹೋಗಿ. ನಾಲ್ಕು ಜನರ ಮುಂದೆ 'ಆಗಲ್ಲ' ಅಂದವರಿಗೆ ಮಾತು ವಾಪಸ್ ತಗೊಳ್ಳುವುದು ಕಷ್ಟ. ವಾಟ್ಸ್‌ಆ್ಯಪ್ ಗ್ರೂಪ್ ಅಂತೂ ಬೇಡವೇ ಬೇಡ. ಮನೆಯಲ್ಲಿ ಕಸ ಎತ್ತುವವರು ಯಾರೋ ಅವರ ಜೊತೆ ಮಾತಾಡಿ.

ಜನ ಎಡವುವುದು ಮುಂದಿನ ಹಂತದಲ್ಲಿ. 'ಅಡುಗೆಮನೇಲಿ ಜಾಗ ಇಲ್ಲ ರೀ' ಅಂದ ಕೂಡಲೇ ನೀವು ಜಾಗ ತೋರಿಸಲು ಹೊರಡುತ್ತೀರಿ. ತಡೀರಿ. ಮೊದಲು ಹೇಳಿದ ಕಾರಣವೇ ನಿಜವಾದ ಕಾರಣ ಆಗಿರುವುದು ಕಡಿಮೆ. 'ಹೌದು, ಜಾಗ ಕಮ್ಮಿನೇ. ಜಾಗ ಆದ್ರೆ ಮಾಡ್ತೀರಾ ಆಂಟಿ?' ಅಂತ ಕೇಳಿ, ಸುಮ್ನಿರಿ. 'ವಾಸನೆ ಬರುತ್ತೆ' ಅನ್ನಬಹುದು. ಅದಕ್ಕೂ ವಾದ ಬೇಡ, 'ಮತ್ತೆ?' ಅನ್ನಿ. ಎಷ್ಟೋ ಸಲ ಕೊನೆಗೆ ಹೊರಬರುವ ಮಾತು ಇದು: 'ನಾವು ಬೇರೆ ಮಾಡಿ ಕೊಟ್ರೂ ಗಾಡಿಯವರು ಎಲ್ಲಾ ಒಟ್ಟಿಗೇ ಸುರೀತಾರಲ್ಲ!' ತೊಡಕು ನಂಬಿಕೆಯದ್ದು. ಇದಕ್ಕೆ ಮಂಡೂರಿನ ಫೋಟೊ ಉತ್ತರವಲ್ಲ. ಬೆಳಿಗ್ಗೆ ಅವರನ್ನೇ ಗಾಡಿ ಹತ್ತಿರ ಕರೆದುಕೊಂಡು ಹೋಗಿ. ನಿಜಕ್ಕೂ ಒಟ್ಟಿಗೇ ಸುರಿದರೆ ಹೌದು ಅಂತ ಒಪ್ಪಿಕೊಂಡು, ಇಬ್ಬರೂ ಸೇರಿ ದೂರು ಕೊಡಿ. ಸುಳ್ಳು ಸಮಾಧಾನ ಹೇಳಿದರೆ ಮುಂದೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಆಮೇಲೆ ಚಿಕ್ಕದು ಕೇಳಿ: ಈ ವಾರ ತರಕಾರಿ ಸಿಪ್ಪೆ ಮಾತ್ರ ಬೇರೆ ಇಡಿ. ಚಿಕ್ಕದಕ್ಕೆ ಹೂಂ ಅಂದವರು ಆಮೇಲೆ ದೊಡ್ಡದಕ್ಕೂ ಸುಲಭವಾಗಿ ಒಪ್ಪುತ್ತಾರೆ. ಮನೋವಿಜ್ಞಾನಿಗಳಾದ ಫ್ರೀಡ್‌ಮನ್ ಮತ್ತು ಫ್ರೇಜರ್ ಕ್ಯಾಲಿಫೋರ್ನಿಯಾದಲ್ಲಿ ಮಾಡಿ 1966ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಮನೆ ಮುಂದೆ 'ಹುಷಾರಾಗಿ ಓಡಿಸಿ' ಎಂಬ ದೊಡ್ಡ ಬೋರ್ಡ್ ಹಾಕಿಸಿಕೊಳ್ಳುತ್ತೀರಾ ಅಂತ ನೇರವಾಗಿ ಕೇಳಿದಾಗ ಒಪ್ಪಿದವರು ಶೇ 17ರಷ್ಟು. ಮೊದಲು ಅದೇ ವಿಷಯದ ಪುಟ್ಟ ಚೀಟಿ ಅಂಟಿಸಿಕೊಳ್ಳಿ ಅಂತ ಕೇಳಿದ್ದ ಗುಂಪಿನಲ್ಲಿ ಶೇ 76! ಇದೇ ಉಪಾಯದಿಂದ ಪಾಲಿಸಿ ಮಾರುವವರೂ ಇದ್ದಾರೆ, ನಿಮ್ಮ ಹತ್ತಿರ ಬಂದಾಗ ಹುಷಾರು.

ಲಿಫ್ಟ್ ಪಕ್ಕ 'ಹೆಚ್ಚಿನ ಮನೆಯವರು ಕಸ ಬೇರೆ ಮಾಡುತ್ತಿಲ್ಲ' ಅಂತ ನೋಟಿಸ್ ಇದ್ದರೆ ಇವತ್ತೇ ಕಿತ್ತುಹಾಕಿ. 'ಎಲ್ರೂ ಹಾಗೇ ಅಲ್ವಾ' ಅಂತ ಓದಿದವರಿಗೆ ಧೈರ್ಯ ಬರುತ್ತದೆ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಹೋದ ಪುರಾತನ ಮರಗಳ ಉದ್ಯಾನವೊಂದಿದೆ; ಅಲ್ಲಿ ತುಂಬಾ ಜನ ಮರದ ತುಂಡು ಕದಿಯುತ್ತಾರೆ ಎಂದು ಬೋರ್ಡ್ ಹಾಕಿದಾಗ ಕಳವು ಜಾಸ್ತಿಯಾಗಿತ್ತು. ಮಾಡುತ್ತಿರುವ ಮನೆಗಳು ಎಷ್ಟು ಅಂತ ಬರೆಯಿರಿ. ಮೂರೇ ಇದ್ದರೆ ಸದ್ಯಕ್ಕೆ ಏನೂ ಬರೆಯಬೇಡಿ.

ವಾರ ಬಿಟ್ಟು ಮತ್ತೆ ಹೋಗಿ, ಏನು ತೊಂದರೆ ಆಯ್ತು ಅಂತ ಕೇಳಿ. ಬಿನ್ ಒದ್ದೆಯಾಗುತ್ತದೆ ಅಂದರೆ ತಳಕ್ಕೆ ಹಳೇ ಪೇಪರ್ ಹಾಸಲು ಹೇಳಿ, ಪ್ಲಾಸ್ಟಿಕ್ ಕವರ್ ಬೇಡ.