‘ಯಾಹಿ ಮಾಧವ’: ಮುನಿದವಳ ಮಾತನ್ನು ಅರ್ಥಮಾಡಿಕೊಳ್ಳುವ ಬಗೆ

ಜಯದೇವ ಕವಿಯ ಸಂಸ್ಕೃತ ಕಾವ್ಯ ಗೀತಗೋವಿಂದದ 24 ಅಷ್ಟಪದಿಗಳಲ್ಲಿ (ಸಾಮಾನ್ಯವಾಗಿ ಎಂಟು ಚರಣಗಳ ಹಾಡುಗಳು) ‘ಯಾಹಿ ಮಾಧವ’, ಅಂದರೆ ‘ಹೋಗು ಮಾಧವ’, 17ನೆಯದು. ಇನ್ನೊಬ್ಬಳ ಬಳಿ ಇರುಳು ಕಳೆದು ಬಂದ ಕೃಷ್ಣನಿಗೆ ರಾಧೆ ಹೇಳುವ ಮಾತು ಇದು. ಇದನ್ನು ‘ತೊಲಗು, ನೀನು ಬೇಡ’ ಎಂಬ ಬರೀ ಸಿಟ್ಟಿನ ಹಾಡೆಂದುಕೊಂಡರೆ ಅರ್ಧ ಹಾಡು ಕೈತಪ್ಪಿಹೋಗುತ್ತದೆ.

ಪಲ್ಲವಿಗೂ ಮೊದಲು, ಹಾಡಿಗೆ ಮುಂಚೆ ಬರುವ ಶ್ಲೋಕವನ್ನು ಓದಿ. ರಾಧೆ ಹೇಗೋ ಇರುಳು ಕಳೆದಿದ್ದಾಳೆ, ಬೆಳಗಾಗಿದೆ, ಕೃಷ್ಣ ಎದುರಿಗೆ ಬಾಗಿ ಸಮಾಧಾನದ ಮಾತಾಡುತ್ತಿದ್ದಾನೆ. ಪಲ್ಲವಿಯಲ್ಲಿ ಅವಳು ‘ಹುಸಿಮಾತು ಬೇಡ’ ಎನ್ನುವುದು ನಮಗೆ ಕೇಳಿಸದ ಆ ಮಾತುಗಳಿಗೆ ಉತ್ತರ. ಶ್ಲೋಕ ಬಿಟ್ಟರೆ ಈ ಎಳೆಯೇ ಸಿಗದು.

ಈಗ ಚರಣಗಳನ್ನು ಕ್ರಮ ತಪ್ಪಿಸದೆ ನೋಡಿ. ಮೊದಲ ನಾಲ್ಕರಲ್ಲಿ ಅವಳು ಗುರುತುಗಳನ್ನು ಒಂದೊಂದಾಗಿ ಎಣಿಸುತ್ತಾಳೆ: ನಿದ್ದೆಗೆಟ್ಟ ಕೆಂಗಣ್ಣು, ತುಟಿಗೆ ಹತ್ತಿದ ಕಾಡಿಗೆ, ಮೈಮೇಲಿನ ಉಗುರುಗೀರು, ಎದೆಗೆ ಅಂಟಿದ ಇನ್ನೊಬ್ಬಳ ಪಾದದ ಅರಗಿನ ಬಣ್ಣ. ಪ್ರತಿಯೊಂದಕ್ಕೂ ಒಂದು ಸುಂದರ ಹೋಲಿಕೆ ಇದೆ. ಉಗುರುಗೀರು ಪಚ್ಚೆಯ ಮೇಲೆ ಚಿನ್ನದಲ್ಲಿ ಬರೆದ ಜಯಪತ್ರದಂತಿದೆಯಂತೆ. ಹೊಗಳಿಕೆಯ ವೇಷ ತೊಟ್ಟ ನೋವು ಇದು. ಪದಗಳ ಎರಡೆರಡು ಅರ್ಥಗಳನ್ನೂ ಇಲ್ಲೇ ಬಿಡಿಸಿಕೊಳ್ಳಿ. ಮೊದಲ ಚರಣದ ‘ರಾಗ’ ಎಂದರೆ ಕೆಂಪೂ ಹೌದು, ಒಲವೂ ಹೌದು. ಪಲ್ಲವಿಯಲ್ಲಿ ‘ತಾವರೆಗಣ್ಣಿನವನೇ’ ಎಂದು ಕರೆಯುವುದು ಆ ಕೆಂಗಣ್ಣು ನೋಡುತ್ತಲೇ.

ಐದನೆಯ ಚರಣದಲ್ಲಿ ನಿಧಾನಿಸಿ, ಹಾಡು ತಿರುಗುವುದು ಅಲ್ಲೇ. ಹಲ್ಲಿನ ಗಾಯ ಅವನ ತುಟಿಯ ಮೇಲಿದೆ, ನೋವು ತನ್ನ ಮನಸ್ಸಿಗೆ ಎನ್ನುತ್ತಾಳೆ. ಈಗಲೂ ನಾವಿಬ್ಬರೂ ಬೇರೆಯಲ್ಲವೆಂದು ನಿನ್ನ ಮೈ ಹೇಗೆ ಹೇಳುತ್ತಿದೆ ಎಂದು ಕೇಳುತ್ತಾಳೆ. ಒಲವು ಸತ್ತವಳು ಕೇಳುವ ಪ್ರಶ್ನೆಯಲ್ಲ ಅದು. ಆರನೆಯದರಲ್ಲಿ ‘ಮೈಯಂತೆ ಮನಸ್ಸೂ ಕಪ್ಪಿರಬೇಕು’ ಎಂಬ ಚುಚ್ಚು. ಏಳರಲ್ಲಿ ‘ಭವಾನ್’ ಬರುತ್ತದೆ, ಅಂದರೆ ‘ತಾವು’. ಜಗಳದ ನಡುವೆ ಹತ್ತಿರದವರು ಬಹುವಚನಕ್ಕೆ ಹೊರಳಿದರೆ ಎಷ್ಟು ದೂರ ತಳ್ಳಿದಂತಾಗುತ್ತದೆಂದು ಕನ್ನಡದವರಿಗೆ ಹೇಳಬೇಕಿಲ್ಲ. ಪೂತನಿಯನ್ನು ನೆನಪಿಸುವುದೂ ಇದೇ ಚರಣದಲ್ಲಿ: ಹೆಣ್ಣನ್ನು ಕೊಲ್ಲುವುದು ನಿನಗೆ ಎಳವೆಯಿಂದಲೇ ರೂಢಿ ಎಂಬ ಅರ್ಥ.

ಅಂಕಿತದ ಚರಣವನ್ನು ಹಾರಿಸಬೇಡಿ. ಇದು ‘ಖಂಡಿತ’ ಯುವತಿಯ ಅಳಲು ಎಂದು ಕವಿಯೇ ಅಲ್ಲಿ ಹೇಳುತ್ತಾನೆ. ನಾಟ್ಯಶಾಸ್ತ್ರದ ಎಂಟು ನಾಯಿಕೆಯರಲ್ಲಿ ಖಂಡಿತೆ ಒಬ್ಬಳು: ಇನ್ನೊಬ್ಬಳ ಬಳಿ ಇರುಳು ಕಳೆದು ಬಂದ ನಲ್ಲನನ್ನು ಕಂಡು ನೊಂದವಳು.

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು, ಇಂದು ಹಾಡುವ ರಾಗದಿಂದ ಭಾವವನ್ನು ಊಹಿಸುವುದು. ಜಯದೇವನ ಕಾಲದ ಧಾಟಿ ನಮಗೆ ಉಳಿದಿಲ್ಲ. ಈಗಿನವು ಆಮೇಲೆ ಕೂಡಿಸಿದವು. ಇನ್ನೊಂದು, ಮೊದಲ ಸಾಲಿಗೇ ಜೀವಾತ್ಮ–ಪರಮಾತ್ಮ ಎಂದುಬಿಡುವುದು. ಆ ಓದಿಗೂ ಜಾಗವಿದೆ, ಆದರೆ ಕಾಡಿಗೆಯ ಕಲೆ ಮೊದಲು ಕಾಡಿಗೆಯ ಕಲೆಯಾಗಿಯೇ ಕಾಣಬೇಕು.

ಕೊನೆಗೆ 18 ಮತ್ತು 19ನೆಯ ಅಷ್ಟಪದಿಗಳನ್ನೂ ಓದಿ. ಮೊದಲನೆಯದರಲ್ಲಿ ಸಖಿ ‘ಮುನಿಸು ಸಾಕು’ ಎನ್ನುತ್ತಾಳೆ, ಎರಡನೆಯದರಲ್ಲಿ ಕೃಷ್ಣನೇ ಬೇಡಿಕೊಳ್ಳುತ್ತಾನೆ. ಆಮೇಲೆ ‘ಯಾಹಿ’ಗೆ ಮರಳಿ, ಎರಡು ಸಲ ‘ಹೋಗು’ ಎಂದವಳು ಅವನು ಹೋಗುವುದನ್ನು ನಿಜಕ್ಕೂ ಬಯಸಿದ್ದಳೇ ಎಂದು ಮತ್ತೆ ನೋಡಿ.