ಯೋಡನ ಬಾಯಲ್ಲಿ ಬಳ್ಳಾರಿ ಕನ್ನಡ: ಸಬ್‌ಟೈಟಲ್ ಕೂರಿಸಿದ ನನ್ನ ಅನುಭವ

ನಮ್ಮ ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್‌ಗೆ ಸ್ಟಾರ್ ವಾರ್ಸ್ ಅನ್ನುವ ಬಾಹ್ಯಾಕಾಶದ ಇಂಗ್ಲಿಷ್ ಚಿತ್ರಗಳ ಹುಚ್ಚು. 1977ರ ಮೊದಲನೆಯದರಿಂದ 2019ರ ಕೊನೆಯದರವರೆಗೆ ಒಂಬತ್ತೂ ಬಾಯಿಪಾಠ. ಥಾನಿನ ಬಟ್ಟೆ ಹಾಸುವಾಗಲೂ ಅದೇ ಮಾತು. ಕನ್ನಡದಲ್ಲಿ ಓದಿಕೊಳ್ಳುವ ಹಾಗೆ ಮಾಡಿದರೆ ಹೊಲಿಗೆಯವರೆಲ್ಲ ಕೂತು ನೋಡುತ್ತಾರೆ ಅಂತ ನಾನಂದಾಗ ನಕ್ಕವರೇ ಹೆಚ್ಚು. ‘ಓದೋರು ಯಾರಣ್ಣ, ಅರ್ಧ ಜನಕ್ಕೆ ತೆಲುಗು ಡಬ್ಬಿಂಗ್ ಇದ್ರೇ ಚಲೋ’ ಅಂದರು. ಈಗ ಎರಡು ಚಿತ್ರ ಮುಗಿದಿವೆ, 1977ರದು ಮತ್ತು 1980ರದು. ಮೂವತ್ತು ಚಿಲ್ಲರೆ ಜನ ಎರಡು ತಾಸು ಎದ್ದು ಹೋಗದೆ ನೋಡಿದರು. ಸಬ್‌ಟೈಟಲ್ ಕೆಲಸ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಸಾಲು ಮತ್ತು ಅದರ ಸಮಯ ಬರೆದಿಡುವ ಎಸ್‌ಆರ್‌ಟಿ ಫೈಲ್ ಅಂದರೇನು ಅನ್ನುವಲ್ಲಿಂದ ಶುರು ಮಾಡುವುದಿಲ್ಲ.

ಮೊದಲ ಏಟು ಫಾಂಟಿನಿಂದ. ಹಳೇ ನುಡಿ ಕೀಲಿಯಲ್ಲಿ ಇನ್ನೂರು ಸಾಲು ಹೊಡೆದು ಪ್ಲೇಯರ್‌ಗೆ ಕೊಟ್ಟರೆ ಪರದೆ ತುಂಬ ಇಂಗ್ಲಿಷ್ ಅಕ್ಷರದ ಕಸ. ಯೂನಿಕೋಡಿಗೆ ಪರಿವರ್ತಿಸಿದೆ, ಅರ್ಕಾವತ್ತು ಇದ್ದಲ್ಲೆಲ್ಲ ಕೆಟ್ಟಿತ್ತು. ಆ ಇನ್ನೂರನ್ನು ತಿದ್ದುವ ಹೊತ್ತಿನಲ್ಲಿ ನಾನೂರು ಹೊಸದಾಗಿ ಬರೆಯಬಹುದಿತ್ತು. ಯೂನಿಕೋಡ್ ಕೀಲಿಯಲ್ಲೇ ಹೊಡೆಯಿರಿ, ಯುಟಿಎಫ್-8ರಲ್ಲೇ ಉಳಿಸಿ.

ಎರಡನೆಯದು ಟಿವಿ. ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡ ಸಾಲು ಪೆನ್‌ಡ್ರೈವ್ ಮೂಲಕ ಟಿವಿಗೆ ಹೋದ ಕೂಡಲೇ ಒತ್ತಕ್ಷರ ಬಿಡಿಬಿಡಿಯಾಗಿ, ಕೊಂಬು ಒಂದು ಕಡೆ, ದೀರ್ಘ ಒಂದು ಕಡೆ. ಅಕ್ಷರ ಕೂಡಿಸುವ ಎಂಜಿನ್ ಆ ಟಿವಿಯ ಪ್ಲೇಯರ್‌ನಲ್ಲಿಲ್ಲ. ಫೈಲನ್ನು ಎಷ್ಟು ತಿದ್ದಿದರೂ ಗುಣವಾಗದ ಕಾಯಿಲೆ ಇದು. ಸಾಲನ್ನು ಚಿತ್ರದೊಳಗೇ ಸುಡಬೇಕು, ಅಂದರೆ ಚಿತ್ರದ ಭಾಗವಾಗಿಯೇ ಅಚ್ಚೊತ್ತಬೇಕು. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಲ್ಲಿ ಸಬ್‌ಟೈಟಲ್ ಮೂಡಿಸುವ ಲಿಬಾಸ್ ಫಿಲ್ಟರ್ ಹಾಕಿ ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟೆ, ಒತ್ತು ಸರಿಯಾಗಿ ಕೂತಿತು. ಮೊದಲ ಸಲ 1080ರಲ್ಲಿ ಹೊರತೆಗೆದು 11 ಜಿಬಿ ಆಯಿತು. ಫ್ಯಾಟ್32 ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ, ನಮ್ಮ ಟಿವಿ ಬೇರೆ ಫಾರ್ಮ್ಯಾಟಿನ ಪೆನ್‌ಡ್ರೈವ್ ಗುರುತಿಸುವುದಿಲ್ಲ. 720ಕ್ಕೆ ಇಳಿಸಿ, ಗುಣಮಟ್ಟದ ಅಳತೆಯಾದ ಸಿಆರ್‌ಎಫ್ 23 ಕೊಟ್ಟ ಮೇಲೆ 3 ಜಿಬಿ ಆಸುಪಾಸಿಗೆ ಬಂತು. ಹಳೇ ಲ್ಯಾಪ್‌ಟಾಪಿಗೆ ಒಂದು ಚಿತ್ರಕ್ಕೆ ಆರೇಳು ತಾಸು. ಬಳ್ಳಾರಿಯ ಮೇ ತಿಂಗಳ ಹಗಲಲ್ಲಿ ಇದಕ್ಕೆ ಕೈ ಹಾಕಬೇಡಿ. ಎರಡು ಸಲ ಕಾದು ತಾನೇ ಆರಿಹೋಯಿತು, ಒಂದು ಸಲ ಕರೆಂಟೇ ಹೋಯಿತು. ರಾತ್ರಿ ಹನ್ನೊಂದಕ್ಕೆ ಕೂಲರ್ ಎದುರಿಗಿಟ್ಟು ಹಚ್ಚಿದ ಮೇಲೆ ಬೆಳಗಿಗೆ ತಯಾರು.

ಸಮಯದ ಲೆಕ್ಕದಲ್ಲಿ ನಾನು ಹಾಳು ಮಾಡಿದ್ದು ಒಂಬತ್ತು ಸಂಜೆ. ಮಾಸ್ಟರ್ ಹತ್ತಿರವಿದ್ದ ಹಳೇ ಪಾಲ್ ಡಿವಿಡಿ ಸೆಕೆಂಡಿಗೆ 25 ಚೌಕಟ್ಟಿನದು, ಆಮೇಲೆ ತಂದ ಬ್ಲೂ-ರೇ 23.976ರದು. ಡಿವಿಡಿಗೆ ಕೂರಿಸಿದ ಸಾಲು ಬ್ಲೂ-ರೇಗೆ ಹಾಕಿದರೆ ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡ್ ಮುಂದೆ ಓಡುತ್ತದೆ, ಚಿತ್ರ ಮುಗಿಯುವ ಹೊತ್ತಿಗೆ ಐದು ನಿಮಿಷ. ನಾನು ದಡ್ಡನ ಹಾಗೆ ಹತ್ತು ಹತ್ತು ನಿಮಿಷದ ತುಂಡು ಮಾಡಿ ಹಿಂದಕ್ಕೆ ತಳ್ಳುತ್ತ ಕೂತೆ. ಮೊದಲ ಮಾತು, ಕೊನೆಯ ಮಾತು ಎರಡನ್ನೇ ಗಟ್ಟಿ ಹಿಡಿದು ನಡುವಿನದನ್ನು ಹಿಗ್ಗಿಸುವ ಸೌಲಭ್ಯ ಸಾಫ್ಟ್‌ವೇರಿನಲ್ಲೇ ಇತ್ತು. ಅರ್ಧ ನಿಮಿಷದ ಕೆಲಸ.

ಓದುವ ವೇಗ ಅಳೆಯುವಾಗ, ಸಾಲು ಉದ್ದವಾಯಿತು ಅಂತ ಸಾಫ್ಟ್‌ವೇರ್ ಹಾಕುವ ಕೆಂಪು ಗುರುತು ನಂಬಬೇಡಿ. ‘ಸ್ತ್ರೀ’ ಅನ್ನುವುದು ಓದುವವರ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಇಂಗ್ಲಿಷಿನವರ ಸೆಕೆಂಡಿಗೆ ಹದಿನೇಳು ಅಕ್ಷರ ಅನ್ನುವ ಅಳತೆ ನಮಗೆ ಬಾರದು. ಕಣ್ಣಿಗೆ ಕಾಣುವ ಅಕ್ಷರವನ್ನೇ ಎಣಿಸಿ ಸೆಕೆಂಡಿಗೆ ಏಳೆಂಟು ಇಟ್ಟೆ, ಸಾಲಿಗೆ ಇಪ್ಪತ್ತು, ಹೆಚ್ಚೆಂದರೆ ಎರಡು ಸಾಲು. ಎಷ್ಟೇ ಚಿಕ್ಕ ಮಾತಾದರೂ ಒಂದೂವರೆ ಸೆಕೆಂಡ್ ನಿಲ್ಲಬೇಕು. ಎರಡು ಸಾಲು ಬಂದಾಗ ಮೇಲಿನದರ ಒತ್ತು ಕೆಳಗಿನದರ ಗುಡಿಸಿಗೆ ತಾಗುತ್ತದೆ. ಅದಕ್ಕೆ ಎರಡೂ ಸಾಲನ್ನು ಒಂದೇ ಸಮಯದ ಬೇರೆ ಬೇರೆ ನಮೂದು ಮಾಡಿ, ಮೇಲಿನದಕ್ಕೆ ತಳದ ಅಂಚು ಹೆಚ್ಚು ಕೊಟ್ಟೆ. ಎಷ್ಟು ಕೊಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ, ಮೂರು ವಾರ ತಿಂದ ಸಂಖ್ಯೆ ಅದು. ಬಣ್ಣ ಬಿಳಿ ಇಡಬೇಡಿ. 1980ರ ಚಿತ್ರ ಶುರುವಾಗುವುದೇ ಹಾತ್ ಅನ್ನುವ ಹಿಮದ ಗ್ರಹದಲ್ಲಿ, ಅಲ್ಲಿ ಬಿಳಿ ಅಕ್ಷರ ಕಾಣುವುದೇ ಇಲ್ಲ. ತೆಳು ಹಳದಿ, ಸುತ್ತ ದಪ್ಪ ಕಪ್ಪು ಅಂಚು. ಮೊದಲ ಚಿತ್ರದಲ್ಲಿ ಗ್ರೀಡೋ ಅನ್ನುವ ಅನ್ಯಗ್ರಹದವನು ತನ್ನ ಭಾಷೆಯಲ್ಲಿ ಮಾತಾಡುವಾಗ ಇಂಗ್ಲಿಷ್ ಸಾಲು ಚಿತ್ರದಲ್ಲೇ ಮೂಡಿರುತ್ತದೆ, ಅಲ್ಲಿ ನಮ್ಮದನ್ನು ಪರದೆಯ ಮೇಲ್ಗಡೆಗೆ ಒಯ್ಯಬೇಕು.

ಇಷ್ಟೆಲ್ಲ ಆದರೂ ಅರ್ಧ ಕೆಲಸ, ಉಳಿದರ್ಧ ಭಾಷೆ. ಒಂದು ಚಿತ್ರಕ್ಕೆ ಸಾವಿರದಿಂದ ಸಾವಿರದಿನ್ನೂರು ನಮೂದು. ಅದರಲ್ಲಿ ಒಂದೇ ಪದ ನನ್ನನ್ನು ಹದಿನೈದು ದಿನ ಕಾಡಿತು: ಫೋರ್ಸ್, ಅಂದರೆ ಆ ಕಥೆಯಲ್ಲಿ ಜಗತ್ತನ್ನೆಲ್ಲ ಬೆಸೆದಿರುವ ಕಾಣದ ತಾಕತ್ತು. ಮೊದಲು ‘ಶಕ್ತಿ’ ಅಂತ ಹಾಕಿದೆ. ‘ಶಕ್ತಿ ನಿನ್ನ ಜತೆಗಿರಲಿ’ ಅಂತ ಹರಸುವ ಮಾತು ಬಂದ ಕೂಡಲೇ ಹೊಲಿಗೆಯ ಅಕ್ಕಂದಿರು ಬಿದ್ದು ಬಿದ್ದು ನಕ್ಕರು. ‘ಶಕ್ತಿ ನಮ್ ಜತೇಗೇ ಐತಣ್ಣ, ದಿನಾ ಬಸ್ಸಿನಾಗ ಪುಕ್ಕಟೆ ಬರ್ತೀವಿ’ ಅಂದರು. 2023ರಿಂದ ಆ ಪದ ಸರ್ಕಾರಿ ಬಸ್ಸಿನದು. ಆಮೇಲೆ ‘ಬಲ’ ಇಟ್ಟೆ, ಎರಡೇ ಅಕ್ಷರ ಅಂತ ಖುಷಿಯಾಗಿದ್ದೆ. ‘ಬಲದ ಕತ್ತಲ ಕಡೆ’ ಅಂತ ಬಂದಲ್ಲಿ ಎಲ್ಲರೂ ಪರದೆಯ ಬಲಗಡೆ ನೋಡತೊಡಗಿದರು. ಕೊನೆಗೆ ‘ಚೈತನ್ಯ’ ನಿಂತಿತು. ಮಾಸ್ಟರ್ ಮಾತ್ರ ಈಗಲೂ ‘ಫೋರ್ಸ್ ಅಂತಾನೇ ಬಿಡ್ರಿ’ ಅನ್ನುತ್ತಾರೆ.

ಕಥೆಯ ಮುದಿ ಗುರು ಯೋಡನದು ಬೇರೆಯೇ ತಂಟೆ. ಇಂಗ್ಲಿಷಿನಲ್ಲಿ ಕರ್ಮಪದ ಮುಂದೆ ಎಳೆದು ಆಡುವುದರಿಂದ ಅವನ ಮಾತು ವಿಚಿತ್ರ. ಅದೇ ಕ್ರಮವನ್ನು ಕನ್ನಡಕ್ಕೆ ತಂದು ‘ಕತ್ತರಿ ನೀನು ಹಿಡಿದೆ’ ಅಂದರೆ ಅದರಲ್ಲಿ ವಿಚಿತ್ರವೇನು? ಓಣಿಯ ಎಲ್ಲರೂ ಹಾಗೇ ಮಾತಾಡುತ್ತಾರೆ. ಕ್ರಿಯಾಪದ ಮುಂದೆ ತಂದು ‘ಹಿಡಿದೆ ನೀನು ಕತ್ತರಿ’ ಮಾಡಿದೆ, ಅದೂ ಕಟ್ಟೆ ಮೇಲೆ ಕೂತ ಅಜ್ಜನ ಮಾತಿನ ಹಾಗೆಯೇ ಕೇಳಿತು. ನಮ್ಮ ಭಾಷೆಯಲ್ಲಿ ಪದ ಎಲ್ಲಿಟ್ಟರೂ ನಡೆಯುತ್ತದೆ ಅನ್ನುವುದೇ ತೊಡಕು. ಹಾಗಾದರೆ ನಡೆಯದ್ದು ಯಾವುದು ಅಂತ ಹುಡುಕಿದೆ. ನಾಮಪದದ ಮುಂದೆ ಇರಲೇಬೇಕಾದ್ದನ್ನು ಹಿಂದಕ್ಕೆ ಹಾಕುವುದು ಒಂದು: ‘ನಿನ್ನ ಕೈ’ ಅಲ್ಲ, ‘ಕೈ ನಿನ್ನ’. ಅಧೀನ ವಾಕ್ಯವನ್ನು ಮುಖ್ಯ ಕ್ರಿಯಾಪದದ ಆಚೆ ತೂಗುಹಾಕುವುದು ಇನ್ನೊಂದು. ಆಗ ‘ಹಿಡಿದೆ ಕತ್ತರಿ, ಕೈ ನಿನ್ನ ನಡುಗುತ್ತಿರಲು’ ಅಂತಾಯಿತು. ತತ್ವಪದ ಹಾಡುವ ಮುದುಕಪ್ಪ ಮಾತಿಗಿಳಿದ ಹಾಗೆ. ಮೂರನೇ ನಿಯಮ ಒಂದಿದೆ, ಅದನ್ನಿಲ್ಲಿ ಬರೆಯುವುದಿಲ್ಲ. ಎಲ್ಲಾ ಸಾಲಿಗೂ ಇದನ್ನು ಮಾಡಿದರೆ ಕೆಡುತ್ತದೆ. ಮೂಲದಲ್ಲೂ ಅವನ ಎಷ್ಟೋ ಮಾತು ನೆಟ್ಟಗೇ ಇವೆ. ನಾಲ್ಕಕ್ಕೊಂದು ತಿರುಚಿದರೆ ಸಾಕು.

ಸಿ-3ಪಿಒ ಮಾತ್ರ ಪುಕ್ಕಟೆ ಸಿಕ್ಕ. ಅರವತ್ತು ಲಕ್ಷಕ್ಕೂ ಹೆಚ್ಚು ಬಗೆಯ ಸಂವಹನ ಬಲ್ಲ ಶಿಷ್ಟಾಚಾರದ ಯಂತ್ರ ಅದು, ಕೊಟ್ಟದ್ದು ತಾಲೂಕು ಕಚೇರಿಯ ಕನ್ನಡ. ‘ತಮ್ಮ ಅವಗಾಹನೆಗೆ ತರಬಯಸುತ್ತೇನೆ’ ಅಂದ ಕೂಡಲೇ ಹಿಂದಿನ ಸಾಲಿನವರೆಗೂ ನಗು. ನೀನು-ನೀವುಗಳ ಗೊಂದಲ ನಾನು ಹೆದರಿದಷ್ಟು ಆಗಲಿಲ್ಲ. ಖಳ ವೇಡರ್ ಮತ್ತು ನಾಯಕ ಲ್ಯೂಕ್ ಮೊದಲಿಂದಲೂ ಒಬ್ಬರಿಗೊಬ್ಬರು ‘ನೀನು’. ಅಪ್ಪ-ಮಗನ ಗುಟ್ಟು ಬಯಲಾದ ಮೇಲೂ ಬದಲಿಸಬೇಕಿಲ್ಲ, ನಮ್ಮ ಕಡೆ ಅಪ್ಪನಿಗೆ ‘ನೀನು’ ಅನ್ನುವ ಮನೆಗಳೇ ಹೆಚ್ಚು. ಅದೇ ‘ನೀನು’ ಮೊದಲು ವೈರಿಗೆ, ಆಮೇಲೆ ಅಪ್ಪನಿಗೆ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ, ತಾನಾಗಿ ಬಂತು, ಆದರೂ ಹೆಸರು ನನಗೇ ಬರಲಿ.

ಶುರುವಿನಲ್ಲಿ ಮೇಲಕ್ಕೆ ಸರಿದುಹೋಗುವ ಕಥಾಸಾರವನ್ನು ಕನ್ನಡದಲ್ಲೇ ಹಾಗೆ ವಾಲಿಸಿ ಉರುಳಿಸಲು ನಾಲ್ಕು ರಾತ್ರಿ ಹೋದವು. ದೂರ ಹೋದಂತೆ ಒತ್ತು ಕರಗಿ ಚುಕ್ಕೆಯಾಗುತ್ತದೆ. ಕೈಬಿಟ್ಟೆ. ಬದಲಿಗೆ ಬಯಲಾಟದ ಭಾಗವತರ ಧಾಟಿಯಲ್ಲಿ ಮಾಸ್ಟರ್ ಕೈಲೇ ಓದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೂಡಿಸಿದೆ. ಒಂದೂವರೆ ನಿಮಿಷದ ಜಾಗಕ್ಕೆ ಮೂರು ನಿಮಿಷ ಓದಿದರು. ಕತ್ತರಿಸುವುದಕ್ಕೆ ಒಪ್ಪಲಿಲ್ಲ. ಕೊನೆಗೆ ಅವರ ಕಣ್ಣು ತಪ್ಪಿಸಿ ‘ಎಲೈ ಸಾರಥಿ’ಯನ್ನು ಎರಡು ಕಡೆ ತೆಗೆದೆ.

ಖರ್ಚು ನೆನಪಿದ್ದಷ್ಟು: ಪೆನ್‌ಡ್ರೈವ್ ಎರಡು, ಸಾವಿರದ ನೂರು. ಪ್ರೊಜೆಕ್ಟರ್ ಬಾಡಿಗೆ ಒಂದು ರಾತ್ರಿಗೆ ಸಾವಿರದ ಇನ್ನೂರು, ಸ್ಪೀಕರ್ ಆರುನೂರು. ಪರದೆಗೆ ದುಡ್ಡಿಲ್ಲ, ಜೇಬಿನ ಒಳಪದರಕ್ಕೆ ಹಾಕುವ ಬಿಳಿ ಬಟ್ಟೆಯನ್ನು ನಮ್ಮಲ್ಲೇ ಎರಡು ಪನ್ನಾ ಕೂಡಿಸಿ ಹೊಲಿದೆವು. ನಡುವಿನ ಹೊಲಿಗೆ ವೇಡರ್‌ನ ಮೂಗಿನ ಮೇಲೇ ಬಂತು, ಮುಂದಿನ ಸಲ ಅಡ್ಡ ಕೂಡಿಸಬೇಕು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಂಟುನೂರು.

ಈಗ 1983ರದು ಕೈಯಲ್ಲಿದೆ. ಅದರಲ್ಲಿ ಜಬ್ಬಾ ಅನ್ನುವ ಪಾತಕಿ ದೊರೆ ತನ್ನ ಭಾಷೆಯಲ್ಲಿ ಬಾಯಿ ಬಿಟ್ಟಾಗಲೆಲ್ಲ ಕೆಳಗೆ ಇಂಗ್ಲಿಷ್ ಸಾಲು, ಹಾಗಾಗಿ ಅವನ ದರ್ಬಾರಿನ ಕನ್ನಡವೆಲ್ಲ ಮೇಲ್ಗಡೆಗೆ ಹೋಗುತ್ತದೆ. ಇಂಗ್ಲಿಷ್ ಸಾಲಿನ ಮೇಲೆ ಕಪ್ಪು ಪಟ್ಟಿ ಬಳಿದು ಕನ್ನಡ ಅಲ್ಲೇ ಕೂರಿಸಿ ನೋಡಿದೆ. ಪಟ್ಟಿಯೊಳಗೆ ಜಬ್ಬಾನ ಬಾಲ ಮಾಯವಾಯಿತು, ಮಾಸ್ಟರ್ ಎರಡು ದಿನ ಮಾತು ಬಿಟ್ಟರು.